ಆಗದ ಮದುವೆಯ ಒಕ್ಕಣೆ

ಕಿರಂಗೂರು
೨೦ ಜನವರಿ ೧೯೯೭

ನಾಗಮಂಗಲದ ಹೊಲಿಗೆ ತರಬೇತಿ ಕೇಂದ್ರದಲ್ಲಿ ಏಳು ಮಿಷನ್ನುಗಳಿಗೂ ಅವುಗಳನ್ನು ತುಳಿಯುವ ಸಕಲ ಹುಡುಗಿಯರಿಗೂ ಏಕಛತ್ರಾಧಿಪತಿಯಾಗಿರುವ ನನ್ನ ಅಕ್ಕ ಪ್ರಮೀಳಾದೇವಿಯವರ ಸನ್ನಿಧಾನಕ್ಕೆ, ಬಿ.ಕಾಂ. ಎರಡನೇ ವರ್ಷದಲ್ಲಿ ಎರಡು ಸಲ ವಿಶ್ರಾಂತಿ ಪಡೆದು, ಸದ್ಯ ತಾಲ್ಲೂಕು ಕಚೇರಿ ಮುಂದೆ ಊರವರ ಅರ್ಜಿ ಬರೆದುಕೊಟ್ಟು ಟೀ ಕುಡಿಯುತ್ತಿರುವ ತಮ್ಮ ಲೋಕೇಶನ ವಿಜ್ಞಾಪನೆ.

ಮೊದಲನೆಯದಾಗಿ ಮಿಲ್ಲು. ಪಾಂಡವಪುರದ ರಸ್ತೆಯಲ್ಲಿರುವ ಅಪ್ಪನ ನೂಲಿನ ಮಿಲ್ಲು ಮುಚ್ಚಿಲ್ಲ. ಇದನ್ನು ತಾವು ಚೆನ್ನಾಗಿ ಗಮನಿಸಬೇಕು. ಗೇಟಿಗೆ ಬೀಗ ಬಿದ್ದು ಐದು ತಿಂಗಳಾಯಿತು, ಸಂಬಳದ ಮುಖ ನೋಡಿ ಅದಕ್ಕಿಂತ ಹೆಚ್ಚಾಯಿತು, ಚಿಮಣಿಯಲ್ಲಿ ಪಾರಿವಾಳ ಮರಿ ಮಾಡಿದೆ. ಆದರೂ ಮುಚ್ಚಿಲ್ಲ. ‘ತಾತ್ಕಾಲಿಕ ದುರಸ್ತಿ’ ಎಂದು ಬೋರ್ಡು ಹಾಕಿದ್ದಾರೆ. ಅಪ್ಪ ಆ ಬೋರ್ಡಿಗೆ ಮರ್ಯಾದೆ ಕೊಟ್ಟು ಈಗಲೂ ಫಸ್ಟ್ ಶಿಫ್ಟಿಗೆ ಸೈಕಲ್ ತುಳಿದುಕೊಂಡು ಹೋಗುತ್ತಾರೆ. ಗೇಟಿನ ಎದುರು ಕುಳಿತಿದ್ದು, ಶಿಫ್ಟು ಬಿಡುವ ಹೊತ್ತಿಗೆ ಎದ್ದು ಬರುತ್ತಾರೆ. ಊಟದ ಡಬ್ಬಿ ಒಯ್ಯುವುದನ್ನು ಮಾತ್ರ ನಿಲ್ಲಿಸಿದ್ದಾರೆ.

ಎರಡನೆಯದು ಅಮ್ಮ. ಇದನ್ನೂ ತಮಾಷೆಯಾಗಿ ಬರೆಯಲು ನೋಡಿದೆ, ಆಗಲಿಲ್ಲ. ರಕ್ತ ಹೋಗುವುದು ನಿಂತಿಲ್ಲ ಅಕ್ಕ. ಮೈಸೂರಿನ ಡಾಕ್ಟರು ಗರ್ಭಕೋಶ ತೆಗೆಯಲೇಬೇಕು, ತಡ ಮಾಡಬೇಡಿ ಅಂದರು. ಧರ್ಮಾಸ್ಪತ್ರೆಯಲ್ಲಿ ಯುಗಾದಿ ಕಳೆದು ಬನ್ನಿ ಅಂದರು. ಖಾಸಗಿಯವರು ದುಡ್ಡು ಕಟ್ಟಿ ಮಲಗಿಸಿ ಅಂದರು.

ಮೂರನೆಯದು ಅಪ್ಪನ ಪಿ.ಎಫ್. ಮಿಲ್ಲಿನ ಟೈಂ ಆಫೀಸಿನ ದಾಸಯ್ಯ ಈಗಲೂ ಸೋಮವಾರಕ್ಕೊಮ್ಮೆ ಗೇಟಿನ ಪಕ್ಕದ ರೂಮಿನಲ್ಲಿ ಸೀಲು ಇಟ್ಟುಕೊಂಡು ಕೂರುತ್ತಾನೆ. ಅಪ್ಪನನ್ನು ಕರೆದುಕೊಂಡು ಹೋಗಿದ್ದೆ.

“ಮನೇಲಿ ಉಣ್ಣಾಕಿಲ್ಲ ಅಂತ ಬರ್ಕೊಟ್ರೆ ಕೊಡಾಕಿಲ್ವಾ ದಾಸಣ್ಣ?” ಅಂದರು ಅಪ್ಪ.

“ಅಸಿವು ಅಂತ ಕಾಲಮ್ಮಿಲ್ಲ ಕಣ್ ಚಿಕ್ಕಸ್ವಾಮಿ. ಮಿಲ್ ಮುಚ್ಚುದ್ರೆ ಕೊಡ್ತಾರೆ, ನಮ್ದು ಮುಚ್ಚಿಲ್ವಲ್ಲ. ಕಾಯ್ಲೆಗೆ ಕೊಡ್ತಾರೆ, ಆಸ್ಪತ್ರೆ ಸೇರ್ಸಿರೋ ಕಾಗ್ದ ತತ್ತಾ ಅಂತಾರೆ.”

ಆಸ್ಪತ್ರೆಯವರು ದುಡ್ಡು ಕಟ್ಟಿದ ಮೇಲೆ ಕಾಗದ ಅಂತಾರೆ. ಇವರು ಕಾಗದ ಕೊಟ್ಟ ಮೇಲೆ ದುಡ್ಡು ಅಂತಾರೆ. ಇನ್ನೊಂದು ಕಾಲಂ ಇದೆಯಂತೆ. ಅದು ತಮಗೆ ಸಂಬಂಧಿಸಿದ್ದಲ್ಲ.

ಕೊನೆಯದಾಗಿ, ರೇಷನ್ ಕಾರ್ಡು ತಿದ್ದಿಸಬೇಕಾಗಿರುವುದರಿಂದ ತಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಒಂದು ಜೆರಾಕ್ಸ್ ಕಳಿಸತಕ್ಕದ್ದು. ಹುಟ್ಟಿದ ತಾರೀಖು ಸ್ಪಷ್ಟವಾಗಿ ಕಾಣಬೇಕು.

ಇಂತಿ,
ಕಿರಂಗೂರು ಸಂಸ್ಥಾನದ ನಿರುದ್ಯೋಗ ಖಾತೆ ಸಚಿವ
ಲೋಕೇಶ


ನಾಗಮಂಗಲ
೨೯ ಜನವರಿ ೧೯೯೭

ಲೋಕಿ,

ಮುನ್ನೂರು ರೂಪಾಯಿ ಮನಿಯಾರ್ಡರ್ ಮಾಡಿದ್ದೇನೆ. ಅಮ್ಮನಿಗೆ ಮಾತ್ರೆ ತಪ್ಪಿಸಬೇಡ. ನೀರಿನ ಕೊಡ ನೀನು ಹೊರು. ಸಚಿವರ ಸೊಂಟ ಮುರಿಯುವುದಿಲ್ಲ.

ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಇಟ್ಟಿದ್ದೇನೆ. ರೇಷನ್ ಕಾರ್ಡಿಗೆ ಇದು ಯಾತಕ್ಕೆ ಬೇಕು ಅಂತ ಗೊತ್ತಾಗಲಿಲ್ಲ. ಹೋಗಲಿ, ನೀನು ದಿನಾ ಆ ಕಚೇರಿ ಮುಂದೆ ಕೂರುವವನು.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಅಪ್ಪನ ಪಿ.ಎಫ್. ಮುಟ್ಟಿಸಬೇಡ. ಅಪ್ಪನ ಮಂಡಿ ಈಗಲೇ ಹೇಗಿದೆ ನೋಡಿದ್ದೀಯಲ್ಲ. ಕೈ ನಡೆಯದ ಕಾಲಕ್ಕೆ ಅವರಿಗಿರುವುದು ಅದೊಂದೇ. ಇಲ್ಲಿ ನಾನೊಂದು ಚೀಟಿ ಹಾಕಿದ್ದೇನೆ, ಏಪ್ರಿಲ್ಲಿಗೆ ಎತ್ತಬಹುದು. ಅಲ್ಲಿವರೆಗೂ ಅಮ್ಮ ತಡೆಯುತ್ತಾಳಾ ಅಂತ ಡಾಕ್ಟರನ್ನು ಕೇಳಿ ಬರೆ. ನನ್ನ ಮದುವೆಗೆ ಅಂತಲೂ ಅಪ್ಪ ಅದಕ್ಕೆ ಕೈ ಹಾಕಬಾರದು. ಅದಕ್ಕೇ ನಾನು ಕೆಲವು ವಿಷಯ ಈಗ ಬಾಯಿ ಬಿಡುತ್ತಿಲ್ಲ. ಕಾಲ ಬಂದಾಗ ಹೇಳ್ತೀನಿ.

ಇಲ್ಲಿ ಎಲ್ಲಾ ಮಾಮೂಲು. ಗೋವಿಂದನಹಳ್ಳಿಯ ಚಿನ್ನು ಅಂತ ಒಬ್ಬಳು ಕಲಿಯಲು ಬರ್ತಾಳೆ, ಬಾಯಿ ಬಡುಕಿ, ಕೈ ಮಾತ್ರ ಚಿನ್ನ. ಮೇ ತಿಂಗಳಲ್ಲಿ ಅವಳ ಮದುವೆ. ಶನಿವಾರ ಅವಳನ್ನು ಕರೆದುಕೊಂಡು ಹೋಗಲು ಅವಳ ಅಣ್ಣ ಬರ್ತಾರೆ. ಹಾಲಿನ ಡೈರಿಯಲ್ಲಿ ಟೆಸ್ಟರು. ಬಹಳ ಕಡಿಮೆ ಮಾತು.

ಪ್ರಮೀಳಾ


ಕಿರಂಗೂರು
೧೬ ಮಾರ್ಚ್ ೧೯೯೭

ಚಿರಂಜೀವಿ ಸೌಭಾಗ್ಯವತಿ ಅಕ್ಕನವರಿಗೆ,

ಅಮ್ಮ ಎದ್ದು ಕೂರುತ್ತಾಳೆ. ಗಂಜಿ ಬೇಡ, ಮುದ್ದೆ ತತ್ತಾ ಅಂತ ಬೈಯುತ್ತಾಳೆ. ಹೊಲಿಗೆ ಒಣಗಿದೆ, ಆ ಡಾಕ್ಟರಿಗೆ ತಮ್ಮ ಕೇಂದ್ರದಲ್ಲಿ ಕೆಲಸ ಕೊಡಬಹುದು.

ಆಸ್ಪತ್ರೆಗೆ ಬಂದಿದ್ದಾಗ ದುಡ್ಡೆಲ್ಲಿಂದ ಬಂತು ಎಂದು ತಾವು ಮೂವರನ್ನೂ ಕೇಳಿದಿರಿ, ಮೂವರೂ ಮೂರು ಉತ್ತರ ಕೊಟ್ಟೆವು. ಅಧಿಕೃತ ಉತ್ತರ ಈಗ ಪ್ರಕಟವಾಗುತ್ತಿದೆ. ಕುರ್ಚಿ ಹಿಡಿದುಕೊಳ್ಳಿ.

ತಮಗೆ ಮದುವೆಯಾಗಿದೆ. ಮೊನ್ನೆ ಗುರುವಾರ, ಹದಿಮೂರನೇ ತಾರೀಖು, ಬೆಳಿಗ್ಗೆ ಒಂಬತ್ತೂವರೆಯ ಮೇಷ ಲಗ್ನದಲ್ಲಿ. ವರ ಚಿ. ಗೋಪಾಲಸ್ವಾಮಿ, ಬಿ.ಎ., ಮೈಸೂರು. ಕುಡಿಯುವುದಿಲ್ಲ, ಸೇದುವುದಿಲ್ಲ, ಅತ್ತೆ ಕಾಟ ಇಲ್ಲ, ಏಕೆಂದರೆ ಆತನೇ ಇಲ್ಲ.

ಆ ಇನ್ನೊಂದು ಕಾಲಂ ಇತ್ತಲ್ಲ, ಅದು ಮಗಳ ಮದುವೆ. “ಮಗ್ಳವ್ಳಲ್ಲಾ, ಒಂದು ಲಗ್ನಪತ್ರಿಕೆ ಮಡ್ಗು, ವಯಸ್ಸಿಂದೊಂದು ಕಾಗ್ದ ಮಡ್ಗು, ಸೀಲ್ ನಾನ್ ಆಕ್ತೀನಿ” ಅಂದ ದಾಸಯ್ಯ. ಅಪ್ಪ ನಾಲ್ಕು ದಿನ ಒಪ್ಪಲಿಲ್ಲ. “ಇಪ್ಪತ್ತೆರಡ್ ವರ್ಸದಲ್ಲಿ ಮಿಲ್ಲಿಂದ ಒಂದ್ ಬೋಲ್ಟು ಮನೆಗ್ ತಂದಿಲ್ಲ ಕಣ್ಲಾ ನಾನು. ಈಗ ಮಗಳ್ ಎಸ್ರಲ್ಲಿ ಸುಳ್ಳು ಬರ್ದು ರುಜು ಆಕ್ಲಾ?” ಅಂದರು. ಐದನೇ ದಿನ ಅಮ್ಮ ನಲ್ಲಿ ಹತ್ತಿರ ಬಿದ್ದಳು. ಸೀರೆಯೆಲ್ಲ ರಕ್ತದಲ್ಲಿ ನೆನೆದಿತ್ತು. ಎತ್ತಿಕೊಂಡು ಬಂದು ಮಲಗಿಸಿದೆವು. ಅಪ್ಪ ಕೈಯನ್ನೂ ತೊಳೆಯದೆ “ಎಲ್ಲಿ ಆಕ್ಬೇಕ್ಲಾ ರುಜು?” ಅಂದರು.

ಪತ್ರಿಕೆಯ ಹೊಣೆ ನನ್ನದು. ಶ್ರೀರಂಗಪಟ್ಟಣದ ಪ್ರೆಸ್ಸಿನಲ್ಲಿ ಕೊಟ್ಟರೆ ಬಸ್ಸಿಗಿಂತ ಮೊದಲು ಸುದ್ದಿ ಊರಿಗೆ ಬರುತ್ತದೆ. ಪಾಂಡವಪುರದಲ್ಲಿ ಎಲ್ಲರೂ ಮಿಲ್ಲಿನವರೇ. ಆದ್ದರಿಂದ ದೂರದೃಷ್ಟಿಯಿಂದ ಕೆ.ಆರ್. ಪೇಟೆಗೆ ಹೋದೆ. ನಮ್ಮ ವಂಶದವರು ಯಾರೂ ಆ ಕಡೆ ಹೆಣ್ಣು ಕೊಟ್ಟಿಲ್ಲ, ತಂದಿಲ್ಲ. ನಮ್ಮನ್ನು ಗುರುತು ಹಿಡಿದು ಬೊಗಳುವ ಒಂದು ನಾಯಿಯೂ ಅಲ್ಲಿಲ್ಲ. ಇಮಾಮ್ ಸಾಬರ ಪ್ರೆಸ್ಸು. ಒಕ್ಕಣೆ ಖುದ್ದಾಗಿ ನಾನೇ ಬರೆದೆ. ಕೇಳುವಂಥವರಾಗಿ:

‘ಹೊಳೆಯ ಆ ದಡದ ನೀರೂ ಈ ದಡದ ನೀರೂ ಒಂದೇ ಕೊಡಕ್ಕೆ ತುಂಬುವ ಈ ಗಳಿಗೆಗೆ ತಾವು ಬಂದು, ಉಂಡು, ಹರಸಿ, ನಮ್ಮ ಅಂಗಳದ ಧೂಳು ತಮ್ಮ ಪಾದಕ್ಕೆ ಅಂಟುವಷ್ಟು ಹೊತ್ತು ನಿಂತು ಹೋಗಬೇಕಾಗಿ ಬೇಡುವ…’

ಇಮಾಮ್ ಸಾಬರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. “ಅರೆ ವಾಹ್! ‘ಆಗಮಿಸಿ ಆಶೀರ್ವದಿಸಿ’ ಅಂತ ಜೋಡ್ಸಿ ಜೋಡ್ಸಿ ನನ್ ಬೆರಳೇ ಸವ್ದೋಯ್ತು ಕಣಪ್ಪಾ. ಈ ಅಚ್ಚಿನ ಮೊಳೆ ಬಿಚ್ಚಾಕಿಲ್ಲ ನಾನು. ಇಂಗೇ ಕಟ್ಟಿ ಮಡಗ್ತೀನಿ. ಎಸ್ರು, ಊರು, ತಾರೀಕು ಬದ್ಲಾಯ್ಸಿ ಬೇರೆಯೋರ್ಗೂ ಒಡೀತೀನಿ, ಇಜಾಜತ್ ಕೊಡು” ಅಂದರು. ಕವಿ ಒಪ್ಪಿದ. ಅವರ ಮಗ ಮುಬಶ್ಶಿರ್ ಗಿರಾಕಿಗಳಿಗೆ ತೋರಿಸುವ ಆಲ್ಬಮ್ಮಿನ ಮೊದಲ ಹಾಳೆಯಲ್ಲೇ ನಮ್ಮದನ್ನು ಅಂಟಿಸಿದ. ಸರಸ್ವತಿಯ ಸೇವೆ.

ಐವತ್ತಕ್ಕೆ ಕಡಿಮೆ ಹೊಡೆಯುವುದಿಲ್ಲವಂತೆ. ಅರ್ಜಿಗೆ ಬೇಕಾಗಿದ್ದು ಎರಡು. ಮನೆಗೆ ತಂದ ಮೇಲೆ ಏನಾಯಿತು ಗೊತ್ತೆ? ಅಪ್ಪ ಕುಳಿತು ಒಂದೊಂದರ ಮೂಲೆಗೂ ಅರಿಶಿನ ಹಚ್ಚಿದರು. “ಸುಳ್ಳಿಗ್ಯಾಕಪ್ಪ ಅರಿಶ್ನ?” ಅಂದೆ. “ಮಗಳ್ ಎಸ್ರಿದೆ, ಬೋಳು ಕಾಗ್ದ ಕಳ್ಸಾಕಾಯ್ತದೇನ್ಲಾ?” ಅಂದರು. ಮೊದಲನೆಯದನ್ನು ಗಂಜಾಮಿನ ನಿಮಿಷಾಂಬನ ಪಾದಕ್ಕೆ ಇಟ್ಟು ಬಂದರು. ಅರ್ಜಿ ಪಾಸಾಗಿ ಹದಿನೆಂಟು ಸಾವಿರ ಚಿಲ್ಲರೆ ಬಂತು. ಉಳಿದ ಪತ್ರಿಕೆ ಒಲೆಗೆ ಹಾಕಲು ಹೋದರೆ ಅಮ್ಮ ಬಿಡಲಿಲ್ಲ. ಮದುಮಗಳ ಹೆಸರು ಸುಡಬಾರದಂತೆ. ಗುಡಿಯ ಹಿಂದೆ ಕಾವೇರಿಗೆ ಬಿಟ್ಟೆ. ಗಂಜಾಮಿನ ಮೀನುಗಳೆಲ್ಲ ತಮ್ಮ ಮದುವೆಗೆ ಆಹ್ವಾನಿತರು.

ಹದಿಮೂರನೇ ತಾರೀಖು ಅಪ್ಪ ಮಿಲ್ಲಿನ ಗೇಟಿಗೆ ಹೋಗಲಿಲ್ಲ. ಮುಖ ಕೆರೆದುಕೊಂಡು, ಬಿಳೀ ಅಂಗಿ ಹಾಕಿಕೊಂಡು ಜಗಲಿ ಮೇಲೆ ಕುಳಿತರು. ಒಂಬತ್ತೂವರೆ ಆಗಿ ಸ್ವಲ್ಪ ಹೊತ್ತಿಗೆ “ಮುಗೀತು ಅನ್ಸುತ್ತೆ” ಅಂತ ಎದ್ದು ಒಳಗೆ ಹೋದರು. ನಗಬೇಕು ಅಂದುಕೊಂಡೆ, ಆಗಲಿಲ್ಲ. ಅಮ್ಮ ಮಾತ್ರ ಮಂಚದ ಮೇಲಿಂದಲೇ “ಆ ಉಡ್ಗ ನಿನ್ನಂಗೆ ಪೋಲಿ ಅಲ್ಲ ತಾನೆ?” ಅಂತ ಕೇಳಿದಳು.

ಇಂತಿ,
ವಧುವಿನ ಸೋದರ ಹಾಗೂ ಲಗ್ನಪತ್ರಿಕಾ ಮಹಾಕವಿ
ಲೋಕೇಶ


ನಾಗಮಂಗಲ
೨೨ ಮಾರ್ಚ್ ೧೯೯೭

ಲೋಕಿ,

ನಿನ್ನ ಕಾಗದ ಓದಿ ಎರಡು ದಿನ ಏನೂ ತೋಚಲಿಲ್ಲ. ಅಮ್ಮ ಬದುಕಿದಳಲ್ಲ, ಅದಕ್ಕೆ ಯಾರನ್ನು ಬೈಯಲಿ? ಅಪ್ಪನ ಮೇಲೆ ನನಗೆ ಕೋಪವಿಲ್ಲ ಅಂತ ಅವರಿಗೆ ಹೇಳು.

ಆದರೆ ಇಷ್ಟು ದೊಡ್ಡ ಜಿಲ್ಲೆಯಲ್ಲಿ ನಿನಗೆ ಕೆ.ಆರ್. ಪೇಟೆಯೇ ಬೇಕಿತ್ತಾ?

ಈ ಕಾಗದ ಕೈಗೆ ಬಂದ ದಿನವೇ ಹೊರಡು. ಆ ಆಲ್ಬಮ್ಮಿನಿಂದ ಪತ್ರಿಕೆ ಕಿತ್ತು ತಾ. ಯಾಕೆ ಅಂತ ಕೇಳಬೇಡ, ಆಮೇಲೆ ಹೇಳ್ತೀನಿ. ತಮಾಷೆ ಮಾಡಬೇಡ ಲೋಕಿ. ಹೋಗಿ ಬಾ.

ಪ್ರಮೀಳಾ


ಕಿರಂಗೂರು
೧೦ ಏಪ್ರಿಲ್ ೧೯೯೭

ಘನತೆವೆತ್ತ ಅಕ್ಕನವರಿಗೆ,

ತಮ್ಮ ಆದೇಶ ತಲುಪಿ ಕಡತಕ್ಕೆ ಸೇರಿದೆ. ವಿಳಂಬಕ್ಕೆ ಕಾರಣಗಳು ಕೆಳಕಂಡಂತಿವೆ.

ಕೆ.ಆರ್. ಪೇಟೆಗೆ ಹೋಗಿಬರುವ ಬಸ್ ಚಾರ್ಜಿಗೆ ಅಮ್ಮನಿಗೆ ಎರಡು ದಿನದ ಮಾತ್ರೆ ಬರುತ್ತದೆ. ಆಸ್ಪತ್ರೆಯದು ಕಳೆದು ಉಳಿದಿದ್ದು ಅಂಗಡಿ ಬಾಕಿಗೆ ಹೋಯಿತು. ಅಂಗಡಿಯವನು ಈಗ ಅಪ್ಪನನ್ನು ಮತ್ತೆ ‘ಬನ್ನಿ’ ಅನ್ನುತ್ತಾನೆ. ಹಬ್ಬಕ್ಕೆ ಎಣ್ಣೆ, ಬೆಲ್ಲ ಎಲ್ಲ ಬಂತು. ಜೊತೆಗೆ, ಒಬ್ಬ ಕಲಾವಿದ ತನ್ನ ಜೀವಮಾನದಲ್ಲಿ ಅಚ್ಚಾದ ಏಕೈಕ ಕೃತಿಯನ್ನು ತಾನೇ ಹರಿದು ಹಾಕುವುದೆಂದರೆ ಸ್ವಲ್ಪ ಕಾಲಾವಕಾಶ ಬೇಡವೆ?

ತಮ್ಮ ಕೋಪಕ್ಕೆ ಕಾರಣ ನನಗೆ ಗೊತ್ತು. ವರನನ್ನು ಬರೀ ಬಿ.ಎ. ಮಾಡಿದ್ದು ತಪ್ಪಾಯಿತು. ಮುಂದಿನ ಆವೃತ್ತಿಯಲ್ಲಿ ಇಂಜಿನಿಯರ್ ಮಾಡುತ್ತೇನೆ.

ತಿಂಗಳ ಕೊನೆಯಲ್ಲಿ ಆ ಕಡೆಯವರ ಒಂದು ಅರ್ಜಿ ಕೆಲಸವಿದೆ, ಆಗ ಖಂಡಿತ ಹೋಗುತ್ತೇನೆ. ಆಲ್ಬಮ್ಮು ಎಲ್ಲಿಗೂ ಓಡಿಹೋಗುವುದಿಲ್ಲ.

ಇಂತಿ ಆಜ್ಞಾಧಾರಕ,
ಲೋಕೇಶ


ನಾಗಮಂಗಲ
೨೭ ಏಪ್ರಿಲ್ ೧೯೯೭

ಲೋಕಿ,

ಇನ್ನು ನೀನು ಹೋಗುವುದು ಬೇಡ.

ಚಿನ್ನು ವಿಷಯ ಬರೆದಿದ್ದೆನಲ್ಲ. ಅವಳ ಊರು ಗೋವಿಂದನಹಳ್ಳಿ ಕೆ.ಆರ್. ಪೇಟೆಗೇ ಸೇರಿದ್ದು. ಅವಳ ಅಣ್ಣನ ಹೆಸರು ಚಲುವರಾಜು. ಒಂದೂವರೆ ವರ್ಷದಿಂದ ನಾನೂ ಅವರೂ ಒಪ್ಪಿಕೊಂಡಿದ್ದೆವು. ಒಪ್ಪಿಕೊಂಡಿದ್ದೆವು ಅಂದರೆ ಶನಿವಾರ ಬಸ್‌ಸ್ಟ್ಯಾಂಡಿನಲ್ಲಿ ಚಿನ್ನುವನ್ನು ಮಧ್ಯ ನಿಲ್ಲಿಸಿಕೊಂಡು ಮಾತಾಡುತ್ತಿದ್ದೆವು, ಅಷ್ಟೇ. ಅವರ ಮನೆಯಲ್ಲಿ ದೊಡ್ಡಪ್ಪ ಕರಿಯಪ್ಪನವರೇ ಯಜಮಾನರು. ಅವರಿಗೂ ಹೇಳಿದ್ದರು. ನಮ್ಮ ಕುಲ, ಬಳಿ ಎಲ್ಲ ವಿಚಾರಿಸಿ ‘ಆಗ್ಲಿ’ ಅಂದಿದ್ದರು. ಚಿನ್ನು ಮದುವೆ ಮುಗಿಸಿ ನಮ್ಮ ಮನೆಗೆ ಬರಬೇಕಿತ್ತು.

ನಾನೇ ಬೇಡ ಅಂದೆ. ಮಿಲ್ಲು ತೆಗೆಯುವವರೆಗೂ ಬರಬೇಡಿ, ಎರಡು ವರ್ಷವಾದರೂ ಕಾಯಿರಿ ಅಂದೆ. ಕಾಯ್ತೀನಿ ಅಂದರು. ಯಾಕೆ ಗೊತ್ತೇನೋ? ನನ್ನ ಮದುವೆ ಅಂತ ಕಿವಿಗೆ ಬಿದ್ದರೆ ಅಪ್ಪ ಮಾರನೇ ದಿನ ಬೆಳಿಗ್ಗೆ ಪಿ.ಎಫ್. ತೆಗೆಯಲು ಹೊರಡುತ್ತಾರೆ. ಆ ದುಡ್ಡು ಉಳಿಯಲಿ ಅಂತ ಇದ್ದ ಮದುವೆ ಮುಚ್ಚಿಟ್ಟೆ. ನೀವು ಇಲ್ಲದ ಮದುವೆ ತೋರಿಸಿ ಅದನ್ನೇ ತೆಗೆದಿರಿ.

ಹೋದ ಭಾನುವಾರ ಕರಿಯಪ್ಪನವರು ಚಿನ್ನುವನ್ನು ಕರೆದುಕೊಂಡು ಅವಳ ಲಗ್ನಪತ್ರಿಕೆ ಹಾಕಿಸಲು ಇಮಾಮ್ ಸಾಬರ ಪ್ರೆಸ್ಸಿಗೆ ಹೋಗಿದ್ದಾರೆ. ಅವರಿಗೆ ಕಣ್ಣು ಮಂಜು. ಆಲ್ಬಮ್ಮು ಕೊಟ್ಟು ‘ಓದವ್ವ’ ಅಂದಿದ್ದಾರೆ. ಮೊದಲ ಹಾಳೆ. ಹೊಳೆ ನೀರು, ಕೊಡ, ಅಂಗಳದ ಧೂಳು ಎಲ್ಲ ಓದಿದಾಗ ‘ಚೆಂದಾಗದೆ, ಇದೇ ಇರ್ಲಿ. ಇನ್ನೊಂದ್ ಕಿತ ಓದು, ಎಸ್ರು ಸಮೇತ ಓದು’ ಅಂದರಂತೆ. ಇವಳು ಓದಿದಳು. ಕಿರಂಗೂರು ಚಿಕ್ಕಸ್ವಾಮಿಯವರ ಪುತ್ರಿ ಚಿ.ಸೌ. ಪ್ರಮೀಳಾ.

ಮೊನ್ನೆ ನನ್ನ ಮಿಷನ್ನಿನ ಮೇಲೆ ತಲೆ ಇಟ್ಟು ಅತ್ತಳು. “ನಾನ್ ನಿಲ್ಲಿಸ್ಬೇಕಿತ್ತು ಟೀಚರ್. ಗೊತ್ತಾಗೋ ಅಷ್ಟ್ರಲ್ಲಿ ಬಾಯಿ ಓದ್ಬುಡ್ತು” ಅಂದಳು.

ಈ ಶನಿವಾರ ಅವರು ಬರಲಿಲ್ಲ. ಚಿನ್ನುವನ್ನು ಕರೆದೊಯ್ಯಲು ಕರಿಯಪ್ಪನವರೇ ಬಂದಿದ್ದರು. ನನ್ನ ಕಡೆ ತಿರುಗಿ ನೋಡಲಿಲ್ಲ.

ಪ್ರಮೀಳಾ


ಕಿರಂಗೂರು
೬ ಮೇ ೧೯೯೭

ಅಕ್ಕ,

ನಿನ್ನ ಕಾಗದ ಅಪ್ಪನ ಮುಂದೆ ಓದಿದೆ. ಓದದೆ ಇರಲು ಆಗಲಿಲ್ಲ. ಅಪ್ಪ “ಎಷ್ಟೊತ್ತಿಗ್ಲಾ ಪೇಟೆ ಬಸ್ಸು?” ಅಂತ ಮಾತ್ರ ಕೇಳಿದರು. ಭಾನುವಾರ ಇಬ್ಬರೂ ಗೋವಿಂದನಹಳ್ಳಿಗೆ ಹೋಗಿದ್ದೆವು. ನಿನ್ನನ್ನು ಕೇಳದೆ ಹೋದೆವು. ಕೇಳಿದರೆ ನೀನು ಬೇಡ ಅನ್ನುತ್ತಿದ್ದೆ.

ಪಂಚಲಿಂಗೇಶ್ವರನ ಗುಡಿಯಿಂದ ಸ್ವಲ್ಪ ಮುಂದೆ ಅವರ ಮನೆ. ಮದುವೆ ಮನೆಯಾದ್ದರಿಂದ ಸುಣ್ಣ ಹೊಡೆಯುತ್ತಿದ್ದರು. ಕರಿಯಪ್ಪನವರು ಕುಳಿತುಕೊಳ್ಳಿ ಅಂದರು, ನೀರು ಕೊಡಿಸಿದರು. ಅಪ್ಪ ನೀರು ಕುಡಿಯದೆ ನಿಂತೇ ಎಲ್ಲವನ್ನೂ ಹೇಳಿದರು. ಮಿಲ್ಲು, ಅಮ್ಮ, ದಾಸಯ್ಯ ಹೇಳಿದ ಕಾಲಂ, ರುಜು, ಪತ್ರಿಕೆ. ಒಂದನ್ನೂ ಬಿಡಲಿಲ್ಲ. ಅಪ್ಪ ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ.

ಕರಿಯಪ್ಪನವರು ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದರು: “ನೋಡಪ್ಪ ಚಿಕ್ಕಸ್ವಾಮಿ, ಸರ್ಕಾರದ ಕಾಗ್ದುಕ್ಕೆ ಸುಳ್ಳು ಬರ್ದು ರುಜು ಆಕ್ದೆ ಅಂತ ನೀನೇ ಏಳ್ತಾ ಇದೀಯೆ. ಅಲ್ಲಿ ಸುಳ್ಳು ಏಳ್ದೋನು ಇಲ್ಲಿ ನಿಜ ಏಳ್ತಾವ್ನೆ ಅಂತ ನಾನ್ ಎಂಗ್ ನಂಬ್ಲಿ?”

“ಮದ್ವೆ ಆಗಿಲ್ಲ ಕಣಣ್ಣ. ಆ ಎಸ್ರಿನ ಗಂಡೇ ಇಲ್ಲ.”

“ಆಗಿಲ್ಲ ಅಂತ ತೋರ್ಸು ಮತ್ತೆ.”

ಅಪ್ಪ ನನ್ನ ಮುಖ ನೋಡಿದರು ಅಕ್ಕ. ಊರವರ ಸಾಲು ಸಾಲು ಅರ್ಜಿ ಬರೆದಿದ್ದೇನೆ, ಜಾತಿಗೆ, ಆದಾಯಕ್ಕೆ, ಸಾವಿಗೆ, ಎಲ್ಲಕ್ಕೂ ಸರ್ಟಿಫಿಕೇಟು ಕೊಡಿಸಿದ್ದೇನೆ. ಆಗದೇ ಇರುವ ಮದುವೆಗೆ ಯಾವ ಕಚೇರಿಯ ಸೀಲು ತರಲಿ? ಗೋಪಾಲಸ್ವಾಮಿ ಇಲ್ಲ ಅಂತ ಯಾರಿಂದ ಹೇಳಿಸಲಿ?

“ಅರಿಶ್ನ ಹಚ್ಚಿದ್ದೆಯಾ ಪತ್ರಿಕೆಗೆ?” ಅಂದರು ಕರಿಯಪ್ಪ.

ಅಪ್ಪ ಸುಳ್ಳು ಹೇಳಬಹುದಿತ್ತು. “ಹಚ್ಚಿದ್ದೆ” ಅಂದರು.

“ದೇವ್ರಿಗ್ ಮಡಗಿದ್ದೆಯಾ?”

“ನಿಮಿಷಾಂಬಗೆ ಮಡಗಿದ್ದೆ.”

“ಇನ್ನೇನಪ್ಪ ಉಳೀತು! ಅರಿಶ್ನ ಹಚ್ಚಿ, ದೇವ್ರ ಪಾದುಕ್ ಮಡಗಿದ್ ಲಗ್ನಾನ ಸುಳ್ಳು ಅಂತ ನನ್ ಮನೆಗ್ ಬಂದು ಏಳ್ತೀಯಲ್ಲ. ನಾಳೆ ನಮ್ಮೂರ್ನಲ್ಲಿ ಯಾರಾರಾ ಆ ಪತ್ರಿಕೆ ತಂದು ನನ್ ಮುಂದೆ ಇಡುದ್ರೆ ನಾನ್ ಏನಂತ ಏಳ್ಲಿ?”

ಚಲುವರಾಜು ಅಲ್ಲೇ ಇದ್ದ. ಸುಣ್ಣದ ಬಕೆಟ್ಟು ಹಿಡಿದು ನಿಂತಿದ್ದ. ಬಸ್ಸಿನವರೆಗೂ ನಮ್ಮ ಜೊತೆ ಬಂದ. “ಸುಳ್ಳು ಅಂತ ನಂಗೊತ್ತು. ಪ್ರಮೀಳಾ ಅಂಥೋರಲ್ಲ ಅಂತಾನೂ ಗೊತ್ತು” ಅಂದ. “ಅಂಗಾದ್ರೆ ಮನೇಲಿ ಏಳಪ್ಪ” ಅಂದೆ. “ದೊಡ್ಡಪ್ಪ ಸಾಕ್ದೋರು” ಅಂದ. ಒಳ್ಳೆಯವನೇ. ನನಗೆ ಅವನ ಕೈ ಹಿಡಿದು ಎಳೆದುಕೊಂಡು ನಾಗಮಂಗಲದ ಬಸ್ಸು ಹತ್ತಿಸಬೇಕು ಅನ್ನಿಸಿತು. ನಮ್ಮ ಬಸ್ಸು ಬಂತು.

ದಾರಿಯಲ್ಲಿ ಅಪ್ಪ “ಅರಿಶ್ನ ನಾನ್ ಹಚ್ಚಬಾರ್ದಿತ್ತು” ಅಂದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ.

ಬೈದು ಬರಿ ಅಕ್ಕ. ಏನಾದರೂ ಬರಿ.

ಲೋಕೇಶ


ಕಿರಂಗೂರು
೩೦ ಜೂನ್ ೧೯೯೭

ಅಕ್ಕ,

ಮೂರು ಕಾಗದ ಹಾಕಿದೆ, ಉತ್ತರವಿಲ್ಲ. ಮನಿಯಾರ್ಡರ್ ಮಾತ್ರ ಬರುತ್ತಿದೆ. ಅದರ ಕೆಳಗೆ ನಾಲ್ಕು ಸಾಲು ಬರೆಯಲು ಜಾಗ ಇರುತ್ತಲ್ಲ, ಅದನ್ನೂ ಖಾಲಿ ಬಿಟ್ಟಿದ್ದೀಯ.

ಇಮಾಮ್ ಸಾಬರ ಹತ್ತಿರ ಹೋಗಿದ್ದೆ. ಮಾರ್ಚಿನಲ್ಲಿ ಹೋಗಬೇಕಾದವನು ಜೂನಿನಲ್ಲಿ ಹೋದೆ. ಆಲ್ಬಮ್ಮಿನ ಹಾಳೆ ಕಿತ್ತುಕೊಂಡೆ. ಮುದುಕರು ಗಾಬರಿಯಾದರು. ಕಾರಣ ಹೇಳಿದೆ. “ಯಾ ಅಲ್ಲಾ” ಅಂತ ಸ್ಟೂಲಿನ ಮೇಲೆ ಕುಳಿತುಬಿಟ್ಟರು. “ನಂಗೇನ್ ಗೊತ್ತಪ್ಪಾ, ಖುಷಿ ಪತ್ರಿಕೆ ಅಂತ ಮುಂದ್ಗಡೆ ಹಾಕ್ದೆ” ಅಂದರು. ಮೊಳೆ ಬಿಚ್ಚಿ ಅಂದೆ. ಮುಬಶ್ಶಿರ್ ನೆಲ ನೋಡಿದ. ಬಿಚ್ಚಲು ಬರುವುದಿಲ್ಲವಂತೆ, ಈ ಸೀಸನ್ನಿನಲ್ಲಿ ಬಂದವರೆಲ್ಲ ಅದೇ ಒಕ್ಕಣೆ ಕೇಳಿದ್ದಾರೆ, ಮುಂದಿನ ಸೀಸನ್ನಿಗೂ ಮುಂಗಡ ಕೊಟ್ಟಿದ್ದಾರೆ. ನನ್ನ ಕೈಗೆ ಇಪ್ಪತ್ತು ರೂಪಾಯಿ ಇಡಲು ಬಂದರು, ಒಕ್ಕಣೆ ಬರೆದಿದ್ದಕ್ಕೆ. ತೆಗೆದುಕೊಳ್ಳಲಿಲ್ಲ.

ಅಪ್ಪ ಸೋಮವಾರ ಟೈಂ ಆಫೀಸಿಗೆ ಹೋಗಿ “ಆ ದುಡ್ಡು ವಾಪಸ್ ಕಟ್ಬುಡ್ತೀನಿ, ಆ ಅರ್ಜಿ ನಂಗೆ ಕೊಟ್ಬುಡಿ” ಅಂದರಂತೆ. ದಾಸಯ್ಯ ನಕ್ಕನಂತೆ. ಕಟ್ಟಲು ದುಡ್ಡಾದರೂ ಎಲ್ಲಿದೆ?

ಅಮ್ಮ ಈಗ ಚೆನ್ನಾಗಿ ಓಡಾಡುತ್ತಾಳೆ. ನಲ್ಲಿಯಿಂದ ತುಂಬಿದ ಕೊಡ ತಾನೇ ತರುತ್ತಾಳೆ, ಬೇಡ ಅಂದರೆ ಕೇಳುವುದಿಲ್ಲ. ನಿನ್ನೆ ಪಕ್ಕದ ಮನೆಯವರು “ಚೆನ್ನಾಗಾದ್ರಿ ಬುಡಿ ದ್ಯಾವಮ್ಮ” ಅಂದಿದ್ದಕ್ಕೆ “ಎಂಗಾಗಿರಾಕಿಲ್ಲ, ಮಗಳ್ ತಾಳಿ ಮಾರಿ ಒಟ್ಟೆ ಒಲಿಸ್ಕೊಂಡಿವ್ನಿ” ಅಂದಳು. ಅವರಿಗೆ ಅರ್ಥವಾಗಲಿಲ್ಲ.

ಲೋಕೇಶ


ನಾಗಮಂಗಲ
೧೧ ಜುಲೈ ೧೯೯೭

ಲೋಕಿ,

ಅಮ್ಮನಿಗೆ ಭಾರ ಎತ್ತಬೇಡ ಅಂತ ಹೇಳು. ಆರು ತಿಂಗಳು ಎತ್ತಬಾರದು ಅಂತ ಡಾಕ್ಟರು ನನ್ನ ಮುಂದೆಯೇ ಹೇಳಿದ್ದಾರೆ. ಅವಳು ಹಾಗೆಲ್ಲ ಮಾತಾಡಿದರೆ ನಾನು ಊರಿಗೆ ಬರುವುದಿಲ್ಲ ಅಂತಲೂ ಹೇಳು.

ಪ್ರಮೀಳಾ


ಕಿರಂಗೂರು
೧೯ ಜನವರಿ ೧೯೯೮

ಅಕ್ಕ,

ಬೋರ್ಡು ಬದಲಾಯಿತು. ‘ದುರಸ್ತಿ’ ತೆಗೆದು ‘ಮುಚ್ಚಲಾಗಿದೆ’ ಅಂತ ಹಾಕಿದ್ದಾರೆ. ಹೀಗಂತ ಹೋದ ಜನವರಿಯಲ್ಲೇ ಬರೆದಿದ್ದರೆ ನಮಗೆ ಯಾವ ಮದುವೆಯೂ ಬೇಕಾಗುತ್ತಿರಲಿಲ್ಲ. ನಿಜ ಹೇಳಿ ತೆಗೆಯಬಹುದಿತ್ತು.

ಅಪ್ಪ ಇನ್ನು ಗೇಟಿಗೆ ಹೋಗುವುದಿಲ್ಲ. ಸೈಕಲ್ಲನ್ನು ಒರೆಸಿ ಹಿತ್ತಿಲಲ್ಲಿ ನಿಲ್ಲಿಸಿದ್ದಾರೆ. ಉಳಿದ ಪಿ.ಎಫ್. ಪೂರ್ತಿ ತೆಗೆಯಬಹುದು ಅಂದ ದಾಸಯ್ಯ. ಫಾರಂ ತಂದುಕೊಟ್ಟೆ. ಅಪ್ಪ ಮುಟ್ಟುತ್ತಿಲ್ಲ. “ಅವ್ಳ್ ಮದ್ವೆಗಿರ್ಲಿ” ಅನ್ನುತ್ತಾರೆ. ಮನೆಯಲ್ಲಿ ರಾಗಿ ಮುಗಿಯುತ್ತಾ ಬಂದಿದೆ. ನಾನು ಬೆಳಿಗ್ಗೆ ಅರ್ಜಿ ಬರೆದು, ಮಧ್ಯಾಹ್ನದ ಮೇಲೆ ಮರಳು ಲಾರಿಗೆ ಹೋಗುತ್ತಿದ್ದೇನೆ.

ನೀನು ಒಂದು ಮಾತು ಬರೆದರೆ ಅಪ್ಪ ರುಜು ಹಾಕುತ್ತಾರೆ. ಬೇರೆ ಯಾರು ಹೇಳಿದರೂ ಹಾಕುವುದಿಲ್ಲ.

ಲೋಕೇಶ


ನಾಗಮಂಗಲ
೫ ಫೆಬ್ರವರಿ ೧೯೯೮

ಲೋಕಿ,

ಈ ಕಾಗದದ ಅರ್ಧ ಅಪ್ಪನಿಗೆ ಓದಿ ಹೇಳು. ಅಪ್ಪಾ, ರುಜು ಹಾಕಿ. ಅದು ನಿಮ್ಮ ದುಡ್ಡು, ನಿಮ್ಮ ಮಂಡಿಗೆ, ನಿಮ್ಮ ರಾಗಿಗೆ. ನನ್ನ ಮದುವೆಯ ಪಾಲು ಹೋದ ವರ್ಷವೇ ತೆಗೆದಾಗಿದೆ. ಕಾಗದದ ಪ್ರಕಾರ ನನ್ನನ್ನು ಧಾರೆಯೆರೆದು ಕೊಟ್ಟಾಗಿದೆ. ಇನ್ನೊಂದು ಸಲ ಅದಕ್ಕಂತ ಇಡಬೇಡಿ. ನಾನು ಚೆನ್ನಾಗಿದ್ದೇನೆ. ಕೇಂದ್ರದಲ್ಲಿ ಸಂಬಳ ಏರಿಸಿದ್ದಾರೆ.

ಇಲ್ಲಿಗೆ ನಿಲ್ಲಿಸು. ಇನ್ನು ಮುಂದಿನದು ನಿನಗೆ ಮಾತ್ರ.

ಈ ಲಕೋಟೆಯಲ್ಲಿ ಒಂದು ಪತ್ರಿಕೆ ಇಟ್ಟಿದ್ದೇನೆ. ಅಪ್ಪನಿಗೆ ತೋರಿಸಬೇಡ. ಚಿನ್ನು ಗಂಡನ ಮನೆಯಿಂದ ಬಂದು ಕೊಟ್ಟು ಹೋದಳು. ಕೊಡುವಾಗ ಏನೂ ಮಾತಾಡಲಿಲ್ಲ. ಅವಳು ಮಾತಾಡದೆ ಇದ್ದದ್ದು ಅದೇ ಮೊದಲು. ಇದೇ ಇಪ್ಪತ್ತಕ್ಕೆ ಅವಳ ಅಣ್ಣನ ಮದುವೆ. ಹುಡುಗಿ ಅವರದೇ ಸಂಬಂಧ, ಪಕ್ಕದ ಊರು.

ತೆರೆದು ನೋಡು. ಇಮಾಮ್ ಸಾಬರ ಪ್ರೆಸ್ಸು. ಒಕ್ಕಣೆ ನಿನ್ನದೇ. ಹೊಳೆಯ ನೀರು, ಕೊಡ, ಒಂದು ಅಕ್ಷರವೂ ಬದಲಾಗಿಲ್ಲ. ಎಷ್ಟು ಮದುವೆಗೆ ಹೊಡೆದಿದ್ದಾರೋ, ಮೊಳೆ ಸವೆದು ಅಕ್ಷರವೆಲ್ಲ ಮಾಸಲಾಗಿ ಬಿದ್ದಿವೆ. ವಧುವಿನ ಹೆಸರೊಂದು ಮಾತ್ರ ಹೊಸ ಮೊಳೆ. ಕಪ್ಪಗೆ, ಎದ್ದು ಕಾಣುತ್ತದೆ. ಹಿಂದಿನಿಂದ ಬೆರಳಾಡಿಸಿದರೆ ಕೈಗೂ ಸಿಗುತ್ತದೆ.

ಚೆನ್ನಾಗಿ ಬರೆದಿದ್ದೀಯ ಲೋಕಿ. ಆವತ್ತು ಕೋಪದಲ್ಲಿ ಹೇಳಲಿಲ್ಲ.

ನಾನು ಹೋಗ್ತೀನಿ. ಅಷ್ಟು ಬೇಡಿ ಕರೆದಿದ್ದಾರಲ್ಲ. ಅವರ ಅಂಗಳದ ಧೂಳು ಕಾಲಿಗೆ ಅಂಟುವಷ್ಟು ಹೊತ್ತು ನಿಂತು ಬರ್ತೀನಿ.

ಪ್ರಮೀಳಾ